ವೇವ್ ಫೈಲ್‌ನಲ್ಲಿ ಬಚ್ಚಿಟ್ಟ ಸಂದೇಶ ಸಿಗುತ್ತಿಲ್ಲವೇ? ನಾಯ್ಸ್ ತೆಗೆದ ಮೇಲೆ ದನಿ ಕೆಟ್ಟಿದೆಯೇ?

ಮಾತಿನ ರೆಕಾರ್ಡಿಂಗ್ ಒಳಗೆ ಗುಟ್ಟಾಗಿ ಸಂದೇಶ ಅಡಗಿಸುವುದು ಒಂದು ಕೆಲಸ. ಅದೇ ರೆಕಾರ್ಡಿಂಗ್‌ನ ಗಲಾಟೆ ಕಡಿಮೆ ಮಾಡುವುದು ಇನ್ನೊಂದು ಕೆಲಸ. ಫೈನಲ್ ಇಯರ್ ಪ್ರಾಜೆಕ್ಟ್ ಮಾಡುವವರು ಎರಡನ್ನೂ ಒಂದೇ ಪ್ರೋಗ್ರಾಂನಲ್ಲಿ ಹಾಕಲು ಹೋಗುತ್ತಾರೆ. ಬಿಡಿಬಿಡಿಯಾಗಿ ಎರಡೂ ನಡೆಯುತ್ತವೆ. ಜೋಡಿಸಿದ ಕೂಡಲೇ ಒಂದು ಕೈಕೊಡುತ್ತದೆ.

ಕಾರಣ ಇಷ್ಟೇ. ಎಲ್‌ಎಸ್‌ಬಿ ವಿಧಾನದಲ್ಲಿ ಸಂದೇಶ ಕೂರುವುದು ಪ್ರತಿ ಸ್ಯಾಂಪಲ್‌ನ, ಅಂದರೆ ದನಿಯನ್ನು ಅಳೆದು ಬರೆದ ಒಂದೊಂದು ಸಂಖ್ಯೆಯ, ಕೊನೆಯ ಬಿಟ್‌ನಲ್ಲಿ. 16 ಬಿಟ್ ಆಡಿಯೋದಲ್ಲಿ ಆ ಬಿಟ್ ಬದಲಾದರೆ ಆಗುವ ವ್ಯತ್ಯಾಸ 32768ರಲ್ಲಿ ಒಂದು ಪಾಲು, ಅಂದರೆ ಸುಮಾರು ಮೈನಸ್ 90 ಡೆಸಿಬೆಲ್. ಕಿವಿಗೆ ಗೊತ್ತೇ ಆಗುವುದಿಲ್ಲ. ಆದರೆ ನಾಯ್ಸ್ ತೆಗೆಯುವ ಪ್ರೋಗ್ರಾಂ ಪ್ರತಿಯೊಂದು ಸ್ಯಾಂಪಲ್‌ನ ಬೆಲೆಯನ್ನೂ ಹೊಸದಾಗಿ ಲೆಕ್ಕ ಹಾಕಿ ಬರೆಯುತ್ತದೆ. ಕೊನೆಯ ಬಿಟ್‌ಗೆ ಅಲ್ಲಿ ಯಾವ ಮರ್ಯಾದೆಯೂ ಇಲ್ಲ. ಹಾಗಾಗಿ ಕ್ರಮ ಒಂದೇ: ಮೊದಲು ದನಿ ಸ್ವಚ್ಛ ಮಾಡಿ, ಆಮೇಲೆ ಸಂದೇಶ ಅಡಗಿಸಿ, ಅದಾದ ಮೇಲೆ ಫೈಲ್ ಮುಟ್ಟಬೇಡಿ. ಕೆಳಗಿನ ತಕರಾರುಗಳಲ್ಲಿ ಬಹಳಷ್ಟು ಈ ಕ್ರಮ ತಪ್ಪಿದ್ದರಿಂದಲೇ ಬರುತ್ತವೆ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ಮೂಲ ಫೈಲ್‌ನ ಪ್ರತಿ ತೆಗೆದು ಬೇರೆ ಕಡೆ ಇಡಿ. ಎಲ್ಲ ಪರೀಕ್ಷೆಯೂ ಪ್ರತಿಯ ಮೇಲೆಯೇ ಆಗಲಿ. ಆ ರೆಕಾರ್ಡಿಂಗ್ ನಾಳೆ ಪೊಲೀಸ್ ದೂರಿಗೋ ಕೋರ್ಟಿಗೋ ಸಾಕ್ಷಿಯಾಗಿ ಹೋಗುವಂಥದ್ದಾದರೆ ಇಲ್ಲಿಗೇ ನಿಲ್ಲಿಸಿ. ನಾಯ್ಸ್ ತೆಗೆಯುವುದೂ ಬೇಡ, ಎಡಿಟರ್‌ನಲ್ಲಿ ತೆರೆದು ಸೇವ್ ಮಾಡುವುದೂ ಬೇಡ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಸರ್ಟಿಫಿಕೇಟ್ ಕೊಡಬೇಕು. ಅದರಲ್ಲಿ ಫೈಲ್‌ನ ಹ್ಯಾಶ್ (ಫೈಲ್‌ನ ಎಲ್ಲ ಬಿಟ್‌ಗಳಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಕೂಡ ಬರೆಯಬೇಕು. ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ವಕೀಲರನ್ನು ಕೇಳಿ ಮುಂದುವರಿಯಿರಿ.

ಸಂದೇಶ ಏನೂ ಬರುತ್ತಿಲ್ಲ, ಅಥವಾ "ಏನೂ ಸಿಗಲಿಲ್ಲ" ಅನ್ನುತ್ತದೆ

ಮೊದಲು ಫೈಲ್‌ನ ಗಾತ್ರ ನೋಡಿ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. 44100 ಹರ್ಟ್ಸ್, 16 ಬಿಟ್, ಮೋನೋ ಆಗಿದ್ದರೆ ಒಂದು ನಿಮಿಷಕ್ಕೆ 52,92,000 ಬೈಟ್, ಜೊತೆಗೆ ಚಿಕ್ಕದೊಂದು ಹೆಡರ್ (ಫೈಲ್‌ನ ವಿವರ ಇರುವ ಶುರುವಿನ ಭಾಗ). ನಿಮ್ಮ ಕೈಗೆ ಬಂದ ಫೈಲ್ ಒಂದು ಎಂಬಿ ಆಸುಪಾಸಿನಲ್ಲಿದ್ದರೆ ದಾರಿಯಲ್ಲಿ ಯಾರೋ ಅದನ್ನು ಕುಗ್ಗಿಸಿದ್ದಾರೆ. ಹೆಸರಿನ ಕೊನೆಯಲ್ಲಿ ವೇವ್ (.wav) ಅಂತ ಇದ್ದ ಮಾತ್ರಕ್ಕೆ ಅದು ವೇವ್ ಆಗುವುದಿಲ್ಲ. ಎಂಪಿ3 ಫೈಲಿಗೆ ಹೆಸರು ಬದಲಿಸಿ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ. ಫೈಲ್‌ನ ಬೈಟ್‌ಗಳನ್ನು ಹಾಗೇ ತೋರಿಸುವ ಹೆಕ್ಸ್ ವ್ಯೂವರ್‌ನಲ್ಲಿ ತೆರೆದರೆ ನಿಜವಾದ ವೇವ್‌ನ ಮೊದಲ ನಾಲ್ಕು ಅಕ್ಷರ ಆರ್‌ಐಎಫ್‌ಎಫ್ (RIFF) ಇರಬೇಕು.

ಕುಗ್ಗಿದ್ದು ಎಲ್ಲಿ? ಸಾಮಾನ್ಯವಾಗಿ ವಾಟ್ಸಾಪ್‌ನಲ್ಲಿ. ಅಲ್ಲಿನ ವಾಯ್ಸ್ ಮೆಸೇಜ್ ಓಪಸ್ ಕೋಡೆಕ್‌ನಲ್ಲಿ ಹೋಗುತ್ತದೆ. ಓಪಸ್ ಆಗಲಿ, ಎಂಪಿ3 ಆಗಲಿ, ಕಿವಿಗೆ ಕೇಳಿಸದ್ದನ್ನು ಬಿಸಾಡಿಯೇ ಗಾತ್ರ ಇಳಿಸುವುದು. ನೀವು ಅಡಗಿಸಿದ್ದು ಸರಿಯಾಗಿ ಅಲ್ಲೇ, ಅಲ್ವಾ? ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಜಿಪ್ ಮಾಡಿ ಕಳಿಸಿದರೆ ಇನ್ನೂ ನೆಮ್ಮದಿ. ಗಾತ್ರ ಇಳಿಸಲೇಬೇಕು ಅಂದರೆ ಫ್ಲಾಕ್ ಬಳಸಿ. ಅದು ಒಂದು ಬಿಟ್ಟನ್ನೂ ಕಳೆಯದೆ ಕುಗ್ಗಿಸುತ್ತದೆ. ವಾಪಸ್ ವೇವ್ ಮಾಡಿದಾಗ ಸಂದೇಶ ಇದ್ದಲ್ಲೇ ಇರುತ್ತದೆ.

ಗಾತ್ರ ಸರಿ ಇದೆಯೇ? ಹಾಗಾದರೆ ಕಳಿಸಿದ ಕಡೆ, ಬಂದ ಕಡೆ ಎರಡರಲ್ಲೂ ಶಾ-256 ಎಂಬ ಬಗೆಯ ಹ್ಯಾಶ್ ತೆಗೆದು ಹೋಲಿಸಿ. ಈ ಸಣ್ಣ ಕೆಲಸಕ್ಕೆ ಸೋಮಾರಿತನ ಮಾಡಿ ಅರ್ಧ ದಿನ ಕೋಡ್ ತಡಕಾಡುವುದು ಸುಮ್ನೆ ದಂಡ. ಹ್ಯಾಶ್ ಒಂದೇ ಇದ್ದರೆ ಫೈಲ್ ಸರಿ ಇದೆ. ತಪ್ಪು ಪಾಸ್‌ವರ್ಡ್‌ನಲ್ಲೋ ಹೊರತೆಗೆಯುವ ಕೋಡ್‌ನಲ್ಲೋ ಇದೆ. ಸಂದೇಶ ಅಡಗಿಸಲು ಸ್ಟೆಗ್‌ಹೈಡ್ ಎಂಬ ಟೂಲ್ ಬಳಸುತ್ತಿದ್ದರೆ ಅದರ ಇನ್ಫೋ ಆಜ್ಞೆ ಕೊಟ್ಟು ನೋಡಿ. ಅದಕ್ಕೆ ವೇವ್ ನಡೆಯುತ್ತದೆ, ಎಂಪಿ3 ನಡೆಯುವುದಿಲ್ಲ ಎನ್ನುವುದು ನೆನಪಿರಲಿ. ಒಂದು ಟೂಲ್‌ನಲ್ಲಿ ಅಡಗಿಸಿ ಇನ್ನೊಂದರಲ್ಲಿ ತೆಗೆಯಲು ಹೋದರೂ ಏನೂ ಸಿಗುವುದಿಲ್ಲ.

ಗಾತ್ರ ಹೆಚ್ಚುಕಡಿಮೆ ಒಂದೇ, ಹ್ಯಾಶ್ ಮಾತ್ರ ಬೇರೆ ಅಂದರೆ ನಡುವೆ ಯಾರೋ ಫೈಲ್ ತೆರೆದು ಸೇವ್ ಮಾಡಿದ್ದಾರೆ. ಇಲ್ಲಿ ಅಡಾಸಿಟಿ ಎಂಬ ಆಡಿಯೋ ಎಡಿಟರ್ ಒಳ್ಳೊಳ್ಳೆಯವರಿಗೇ ಕೈಕೊಡುತ್ತದೆ. ಅದು ಒಳಗೆ ಕೆಲಸ ಮಾಡುವುದು 32 ಬಿಟ್ ಫ್ಲೋಟ್‌ನಲ್ಲಿ. 16 ಬಿಟ್‌ಗೆ ಇಳಿಸಿ ಎಕ್ಸ್‌ಪೋರ್ಟ್ ಮಾಡುವಾಗ ಡಿದರ್ ಎಂಬ ಚಿಟಿಕೆ ನಾಯ್ಸ್ ಬೆರೆಸುತ್ತದೆ. ಸಂಗೀತಕ್ಕೆ ಇದು ಒಳ್ಳೆಯದು. ಅಡಗಿಸಿದ ಸಂದೇಶಕ್ಕೆ ಮರಣಶಾಸನ. ಡಿದರ್ ಬೀಳುವುದೇ ಕೊನೆಯ ಬಿಟ್ ಮೇಲೆ. ಪ್ರಿಫರೆನ್ಸಸ್‌ನ ಕ್ವಾಲಿಟಿ ವಿಭಾಗಕ್ಕೆ ಹೋಗಿ ಡಿದರನ್ನು ನನ್ (None) ಅಂತ ಮಾಡಬಹುದು. ಆದರೂ ನನ್ನ ಸಲಹೆ ಕೇಳಿದರೆ, ಅಡಗಿಸಿದ ಫೈಲನ್ನು ಎಡಿಟರ್‌ನಲ್ಲಿ ತೆರೆಯಿರಿ, ನೋಡಿ, ಮುಚ್ಚಿ. ಎಕ್ಸ್‌ಪೋರ್ಟ್ ಬಟನ್ ಕಡೆ ಕೈ ಹೋಗುವುದೇ ಬೇಡ.

ವಾಲ್ಯೂಮ್ ಏರಿಸಿದರೂ, ನಾರ್ಮಲೈಸ್ ಮಾಡಿದರೂ, 44100ರಿಂದ 48000ಕ್ಕೆ ಬದಲಿಸಿದರೂ ಗತಿ ಅದೇ. ಹಾಗೆ ಹೋದದ್ದು ಹೋಯಿತು. ಅದನ್ನು ಮರಳಿ ತರುವ ಟೂಲ್ ಇಲ್ಲ, ಹುಡುಕುತ್ತಾ ಕೂರಬೇಡಿ. ಮೂಲ ಪ್ರತಿ ತೆಗೆದುಕೊಂಡು ಮತ್ತೆ ಅಡಗಿಸಿ.

ಏನೋ ಬರುತ್ತಿದೆ, ಆದರೆ ಕನ್ನಡ ಅಲ್ಲ

ಇಂಗ್ಲಿಷ್ ಸಂದೇಶ ಸರಿಯಾಗಿ ಬಂದು ಕನ್ನಡ ಮಾತ್ರ ಕೆಟ್ಟು ಬಂದರೆ ಖುಷಿಪಡಿ. ಆಡಿಯೋ ಸರಿ ಇದೆ ಎಂದರ್ಥ. ತಕರಾರು ಅಕ್ಷರಗಳನ್ನು ಬಿಟ್ ಮಾಡಿದ ರೀತಿಯಲ್ಲಿದೆ.

ಎಲ್ಲಕ್ಕಿಂತ ಮೊದಲು, ಅಡಗಿಸಿದ ಪಠ್ಯ ಯೂನಿಕೋಡ್‌ನಲ್ಲಿತ್ತೇ ನೋಡಿ. ಹಳೆಯ ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಆಗಿದ್ದರೆ ಹೊರಬರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದಕ್ಕೆ ಅದೇ ಫಾಂಟ್ ಹಾಕಿದರೆ ಕನ್ನಡ ಕಾಣುತ್ತದೆ. ದೋಷ ಏನೂ ಇಲ್ಲ. ಇನ್ನು ಕಮಾಂಡ್ ವಿಂಡೋದಲ್ಲಿ ಬರೀ ಚೌಕಗಳು ಕಂಡರೆ ಅದು ಪರದೆಯ ಸಮಸ್ಯೆ. ಫಲಿತಾಂಶವನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಫೈಲ್‌ಗೆ ಬರೆದು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.

ಎರಡೂ ಅಲ್ಲ ಅಂದರೆ ಕೋಡ್ ನೋಡಬೇಕು. ಇಂಗ್ಲಿಷ್‌ಗೆಂದು ಬರೆದ ಬಹುತೇಕ ಪಾಠಗಳಲ್ಲಿ ಪ್ರತಿ ಅಕ್ಷರದ ಸಂಖ್ಯೆ ತೆಗೆದು, ಅದನ್ನು 8 ಬಿಟ್ ಮಾಡಿ ಜೋಡಿಸುತ್ತಾರೆ. ಇಂಗ್ಲಿಷ್ ಅಕ್ಷರಗಳ ಸಂಖ್ಯೆ 127 ದಾಟುವುದಿಲ್ಲ, ಹಾಗಾಗಿ ನಡೆಯುತ್ತದೆ. ನಮ್ಮ "ಕ"ದ ಯೂನಿಕೋಡ್ ಸಂಖ್ಯೆ 3221. ಅದು 8 ಬಿಟ್‌ನಲ್ಲಿ ಹಿಡಿಯುವುದಿಲ್ಲ. 110010010101 ಅಂತ 12 ಬಿಟ್ ಆಗುತ್ತದೆ. ಪೈಥಾನ್ ದೂರು ಹೇಳದೆ 12 ಬಿಟ್ಟನ್ನೂ ತುಂಬುತ್ತದೆ. ಹೊರತೆಗೆಯುವ ಕೋಡ್ 8ರ ಲೆಕ್ಕದಲ್ಲೇ ಓದುತ್ತದೆ. ಮೊದಲ ಅಕ್ಷರವೇ 201 ಅಂತ ಬಂದು ಎಲ್ಲ ತಪ್ಪುತ್ತದೆ. ಪರಿಹಾರ ಸುಲಭ. ಅಕ್ಷರ ಅಕ್ಷರ ತೆಗೆದುಕೊಳ್ಳಬೇಡಿ. ಪಠ್ಯವನ್ನು ಮೊದಲು ಯುಟಿಎಫ್-8 ಬೈಟ್‌ಗಳಾಗಿ ಎನ್‌ಕೋಡ್ ಮಾಡಿ, ಆ ಬೈಟ್‌ಗಳನ್ನು ಅಡಗಿಸಿ.

ಹೀಗೆ ಮಾಡಿದ ಮೇಲೂ ಕೆಟ್ಟರೆ ಒಂದು ಒಳ್ಳೆಯ ಉಪಾಯ ಇದೆ. ಪರೀಕ್ಷೆಗೆ "ಕನ್ನಡ" ಎಂಬ ಪದವನ್ನೇ ಅಡಗಿಸಿ. ಕ, ನ, ಅರ್ಧಾಕ್ಷರದ ಗುರುತು, ನ, ಡ: ಒಟ್ಟು ಐದು ಯೂನಿಕೋಡ್ ಸಂಕೇತ. ಒಂದೊಂದಕ್ಕೆ 3 ಬೈಟ್‌ನಂತೆ 15 ಬೈಟ್, 120 ಬಿಟ್. ಹೊರಬಂದ ಬೈಟ್‌ಗಳನ್ನು ಸಂಖ್ಯೆಯಾಗಿ ಪ್ರಿಂಟ್ ಮಾಡಿ. 224, 178, 149, 224, 178, 168, 224, 179, 141 ಹೀಗೆ ಹೋಗಬೇಕು. ಕನ್ನಡದ ಯಾವ ಅಕ್ಷರವೇ ಆಗಲಿ, ಮೊದಲ ಬೈಟ್ 224, ಎರಡನೆಯದು 178 ಇಲ್ಲವೇ 179. ಈ ತಾಳ ಕಣ್ಣಿಗೆ ಬಿದ್ದರೆ ಹೊರತೆಗೆಯುವುದು ಸರಿ ಇದೆ.

ತಾಳ ತಪ್ಪಿದ ರೀತಿಯೇ ಕಾರಣ ಹೇಳುತ್ತದೆ. 7, 77, 169 ಅಂತ ಬಂದರೆ ಬಿಟ್‌ಗಳ ಕ್ರಮ ತಿರುಗಿದೆ. ಒಂದು ಕಡೆ ದೊಡ್ಡ ಬಿಟ್ ಮೊದಲು, ಇನ್ನೊಂದು ಕಡೆ ಚಿಕ್ಕದು ಮೊದಲು. 193, 101 ಅಂತ ಶುರುವಾದರೆ ಒಂದು ಬಿಟ್ ತಡವಾಗಿ ಓದಲು ಶುರು ಮಾಡಿದ್ದೀರಿ. ಯಾವ ತಾಳವೂ ಕಾಣದಿದ್ದರೆ ಸ್ಟೀರಿಯೋ ಇದೆಯೇ ನೋಡಿ. ಅದರಲ್ಲಿ ಎಡ, ಬಲ, ಎಡ, ಬಲ ಅಂತ ಸ್ಯಾಂಪಲ್‌ಗಳು ಹೆಣೆದುಕೊಂಡಿರುತ್ತವೆ. ಎರಡೂ ಚಾನೆಲ್‌ನಲ್ಲಿ ಅಡಗಿಸಿ ಒಂದರಲ್ಲೇ ಓದಿದರೆ ಒಂದು ಬಿಟ್ ಬಿಟ್ಟು ಒಂದು ಸಿಗುತ್ತದೆ.

ಸಂದೇಶ ಸರಿಯಾಗಿಯೇ ಶುರುವಾಗಿ ಮೂರನೇ ಒಂದು ಪಾಲಿಗೆ ಕಡಿದು ಹೋಗುವುದೂ ಉಂಟು. ಉದ್ದವನ್ನು ಬೈಟ್‌ಗಳಲ್ಲಿ ಬರೆಯುವ ಬದಲು ಅಕ್ಷರಗಳಲ್ಲಿ ಬರೆದಿದ್ದೀರಿ. "ಕನ್ನಡ"ಕ್ಕೆ 15 ಅಂತ ಬರೆಯಬೇಕಾದ ಕಡೆ 5 ಅಂತ ಬರೆದರೆ "ಕ" ಒಂದೇ ಪೂರ್ತಿ ಬರುವುದು.

ನಡುವೆ ಎಲ್ಲೋ ಕೆಡುತ್ತದೆ

ಒಂದೇ ಒಂದು ಅಕ್ಷರ ತಪ್ಪಿ ಮುಂದೆ ಸರಿಹೋದರೆ ಒಂದು ಬಿಟ್ ಬದಲಾಗಿದೆ. ಒಂದು ಜಾಗದಿಂದ ಮುಂದೆ ಎಲ್ಲವೂ ಕೆಟ್ಟರೆ ಸ್ಯಾಂಪಲ್ ಬಿಟ್ಟುಹೋಗಿದೆ, ಅಥವಾ ಯಾರೋ ನಡುವೆ ಕತ್ತರಿ ಹಾಕಿದ್ದಾರೆ. ಶುರುವಿನ ಮೌನ ಕತ್ತರಿಸಿದರೆ ಮೊದಲಿನಿಂದಲೇ ಹೋಗುತ್ತದೆ. ಸಂದೇಶವನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಈ ಸುಳಿವುಗಳು ಸಿಗದೆ ಹೋಗಬಹುದು, ಸಣ್ಣ ತಪ್ಪಿಗೂ ದೊಡ್ಡ ತುಂಡೇ ಕೆಡಬಹುದು. ಹಾಗಾಗಿ ಪರೀಕ್ಷೆಯನ್ನು ಮೊದಲು ಎನ್‌ಕ್ರಿಪ್ಶನ್ ಇಲ್ಲದೆ ಮಾಡಿ.

ಜಾಗವೇ ಸಾಲದೆ ಇರಬಹುದು. ಫೋನ್ ಗುಣಮಟ್ಟದ 8000 ಹರ್ಟ್ಸ್ ಮೋನೋದಲ್ಲಿ ಸ್ಯಾಂಪಲ್‌ಗೆ ಒಂದು ಬಿಟ್ ಅಂದರೆ ಸೆಕೆಂಡಿಗೆ 1000 ಬೈಟ್. ಕನ್ನಡದಲ್ಲಿ ಸುಮಾರು 333 ಸಂಕೇತ. ಒತ್ತು, ಗುಣಿತ ಎಲ್ಲವೂ ಪ್ರತ್ಯೇಕ ಸಂಕೇತವೇ ಆದ್ದರಿಂದ ನೀವು ಎಣಿಸಿದ ಅಕ್ಷರಕ್ಕಿಂತ ಜಾಸ್ತಿ ಜಾಗ ಬೇಕಾಗುತ್ತದೆ.

ಫೈಲೇ ತೆರೆಯುವುದಿಲ್ಲ

"ಅನ್‌ನೋನ್ ಫಾರ್ಮ್ಯಾಟ್: 3" ಅಂತ ಪೈಥಾನ್ ಹೇಳಿದರೆ ಫೈಲ್ 32 ಬಿಟ್ ಫ್ಲೋಟ್‌ನಲ್ಲಿದೆ. ನಾಯ್ಸ್ ತೆಗೆದು ಎಕ್ಸ್‌ಪೋರ್ಟ್ ಮಾಡುವಾಗ 16 ಬಿಟ್ ಪಿಸಿಎಂ ಆರಿಸಿಕೊಳ್ಳಿ. ಸಂದೇಶ ಅಡಗಿಸಿದ ಮೇಲೆ ಯಾವ ಪ್ಲೇಯರ್‌ನಲ್ಲೂ ತೆರೆಯದಿದ್ದರೆ ಹೆಡರ್ ಮೇಲೆಯೇ ಬರೆದುಬಿಟ್ಟಿದ್ದೀರಿ. ಹೆಡರ್ 44 ಬೈಟ್ ಅಂತ ಬಾಯಿಪಾಠ ಮಾಡಬೇಡಿ. ಕಲಾವಿದರ ಹೆಸರು, ಸಾಫ್ಟ್‌ವೇರ್ ಹೆಸರು ಸೇರಿದ ಫೈಲ್‌ಗಳಲ್ಲಿ ಅದು ಉದ್ದ ಇರಬಹುದು. ಡೇಟಾ ಎಂಬ ತುಂಡು ಎಲ್ಲಿ ಶುರುವಾಗುತ್ತದೆ ಅಂತ ಹುಡುಕಿ, ಅಲ್ಲಿಂದ ಬರೆಯಿರಿ.

ಸಂದೇಶ ಸರಿ ಇದೆ, ಆದರೆ ಆಡಿಯೋದಲ್ಲಿ ಸುಯ್ ಎನ್ನುವ ಸದ್ದು

ಸದ್ದು ಫೈಲ್‌ನ ಶುರುವಿನಲ್ಲಿ ಮಾತ್ರ ಬಂದು ಆಮೇಲೆ ತಟ್ಟನೆ ನಿಂತರೆ ಹೆಚ್ಚು ಯೋಚನೆ ಬೇಡ. ನಿಮ್ಮ ಕೋಡ್ ಪ್ರತಿ ಸ್ಯಾಂಪಲ್ ಬದಲು ಪ್ರತಿ ಬೈಟ್‌ನ ಕೊನೆಯ ಬಿಟ್ ಬದಲಿಸುತ್ತಿದೆ. ಕಾಪಿ ಮಾಡಿದ ಕೋಡ್‌ಗಳಲ್ಲಿ ಈ ತಪ್ಪು ಮಾಮೂಲು. 16 ಬಿಟ್ ಸ್ಯಾಂಪಲ್ ಅಂದರೆ 2 ಬೈಟ್. ವೇವ್‌ನಲ್ಲಿ ಚಿಕ್ಕ ಬೈಟ್ ಮೊದಲು ಬರುತ್ತದೆ, ದೊಡ್ಡದು ಆಮೇಲೆ. ಚಿಕ್ಕ ಬೈಟ್‌ನ ಕೊನೆಯ ಬಿಟ್ ಬದಲಿಸಿದರೆ ಬೆಲೆ 1 ಬದಲಾಗುತ್ತದೆ. ದೊಡ್ಡ ಬೈಟ್‌ನದನ್ನು ಬದಲಿಸಿದರೆ 256 ಬದಲಾಗುತ್ತದೆ. ಮೈನಸ್ 90 ಇದ್ದದ್ದು ಮೈನಸ್ 42 ಡೆಸಿಬೆಲ್‌ಗೆ ಬರುತ್ತದೆ. ಮಾತಿನ ನಡುವಿನ ಮೌನದಲ್ಲಿ ಅದು ಚೆನ್ನಾಗಿಯೇ ಕೇಳಿಸುತ್ತದೆ.

ಲೆಕ್ಕ ಹಾಕಿ ನೋಡಿ: 30,000 ಬೈಟ್ ಸಂದೇಶಕ್ಕೆ 2,40,000 ಬಿಟ್. ಬೈಟಿಗೊಂದರಂತೆ ತುಂಬಿದರೆ 1,20,000 ಸ್ಯಾಂಪಲ್. 44100 ಮೋನೋದಲ್ಲಿ ಸುಮಾರು 2.7 ಸೆಕೆಂಡ್. ನಿಮ್ಮ ಸುಯ್ ಸದ್ದೂ ಅಷ್ಟೇ ಹೊತ್ತು ಬರುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಸಂದೇಶ ಮುಗಿದ ಮೇಲೂ ಫೈಲ್ ಉದ್ದಕ್ಕೂ ಸದ್ದಿದ್ದರೆ ಅದು ಮೂಲ ರೆಕಾರ್ಡಿಂಗ್‌ನದೇ. ಸಂದೇಶದ ಮೇಲೆ ಗೂಬೆ ಕೂರಿಸಬೇಡಿ.

ಈ ಸದ್ದನ್ನು ನಾಯ್ಸ್ ರಿಡಕ್ಷನ್‌ನಿಂದ ತೆಗೆಯುತ್ತೇನೆ ಅಂತ ಹೊರಟರೆ ಸದ್ದೂ ಹೋಗುತ್ತದೆ, ಸಂದೇಶವೂ ಹೋಗುತ್ತದೆ.

ನಾಯ್ಸ್ ತೆಗೆದ ಮೇಲೆ ದನಿ ನೀರೊಳಗಿಂದ ಬಂದ ಹಾಗಿದೆ

ಪುಕ್ಕಟೆ ಪರೀಕ್ಷೆ ಮೊದಲು. ಎರಡು ಸಲ ನಾಯ್ಸ್ ತೆಗೆಯುತ್ತಿದ್ದೀರಾ? ಬಹಳ ಫೋನ್‌ಗಳು, ವಿಡಿಯೋ ಕಾಲ್ ಆ್ಯಪ್‌ಗಳು ತಾವೇ ಒಂದು ಸುತ್ತು ತೆಗೆದಿರುತ್ತವೆ. ನೀವು ಮತ್ತೆ ತೆಗೆದರೆ ದನಿ ಸವೆಯುತ್ತದೆ. ಆ ಸೆಟ್ಟಿಂಗ್ ಆಫ್ ಮಾಡಿ ಮತ್ತೆ ರೆಕಾರ್ಡ್ ಮಾಡಿ. ಹಾಗೆಯೇ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೈಕ್ ಹತ್ತಿರ ತನ್ನಿ. ಬಾಯಿಗೂ ಮೈಕ್‌ಗೂ ಇರುವ ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಗಲಾಟೆ ಏರುವುದಿಲ್ಲ. ಯಾವ ಫಿಲ್ಟರೂ ಇಷ್ಟು ಅಗ್ಗಕ್ಕೆ ಇಷ್ಟು ಕೊಡುವುದಿಲ್ಲ.

ಮತ್ತೆ ರೆಕಾರ್ಡ್ ಮಾಡಲು ಆಗದಿದ್ದರೆ, ಹಿನ್ನೆಲೆಯಲ್ಲಿ ಟಿಂಗ್ ಟಿಂಗ್ ಅಂತ ಸಣ್ಣ ಸಣ್ಣ ಸ್ವರಗಳು ಮಿನುಗುತ್ತಿವೆಯೇ ಕೇಳಿ. ಇದಕ್ಕೆ ಮ್ಯೂಸಿಕಲ್ ನಾಯ್ಸ್ ಅನ್ನುತ್ತಾರೆ. ಸ್ಟೀವನ್ ಬೋಲ್ 1979ರಲ್ಲಿ ಪ್ರಕಟಿಸಿದ ಸ್ಪೆಕ್ಟ್ರಲ್ ಸಬ್‌ಟ್ರಾಕ್ಷನ್ ವಿಧಾನದ ಜೊತೆಗೇ ಬಂದ ಕಾಟ ಇದು. ಪ್ರೋಗ್ರಾಂ ಬರೀ ಗಲಾಟೆ ಇರುವ ತುಣುಕನ್ನು ಕೇಳಿ, ಯಾವ ಆವರ್ತನದಲ್ಲಿ ಸರಾಸರಿ ಎಷ್ಟು ನಾಯ್ಸ್ ಇದೆ ಅಂತ ಕಲಿಯುತ್ತದೆ. ಆಮೇಲೆ ಎಲ್ಲ ಕಡೆ ಅಷ್ಟನ್ನು ಕಳೆಯುತ್ತದೆ. ಆದರೆ ನಿಜವಾದ ನಾಯ್ಸ್ ಪ್ರತಿ ಕ್ಷಣವೂ ಸರಾಸರಿಯಷ್ಟೇ ಇರುವುದಿಲ್ಲ. ಮೇಲೆ ಉಳಿದ ತುದಿಗಳು ಸ್ವರದ ಚೂರುಗಳಾಗಿ ಕೇಳಿಸುತ್ತವೆ. ಅದೇ ವರ್ಷ ಬೆರೂಟಿ, ಶ್ವಾರ್ಟ್ಸ್, ಮಖೌಲ್ ಇದಕ್ಕೆ ಮದ್ದು ಹೇಳಿದರು: ನಾಯ್ಸನ್ನು ಪೂರ್ತಿ ಬಳಿಯಬೇಡಿ, ತಳದಲ್ಲಿ ಸ್ವಲ್ಪ ಉಳಿಸಿ. ಆ ಉಳಿಕೆ ಈ ಚೂರುಗಳನ್ನು ಮುಚ್ಚುತ್ತದೆ.

ಅಡಾಸಿಟಿಯಲ್ಲಿ ಇದನ್ನು ಕೈಯಾರೆ ಮಾಡಬಹುದು. ಮಾತಿಲ್ಲದ, ಗಲಾಟೆ ಮಾತ್ರ ಇರುವ ತುಣುಕು ಆರಿಸಿ ನಾಯ್ಸ್ ಪ್ರೊಫೈಲ್ ತೆಗೆಯಿರಿ. ಅದರಲ್ಲಿ ಉಸಿರು, ಕೆಮ್ಮು ಇರಬಾರದು. ಕಡಿತವನ್ನು 6 ಡೆಸಿಬೆಲ್‌ನಿಂದ ಶುರು ಮಾಡಿ. ಸಾಲದಿದ್ದರೆ 12ರವರೆಗೆ ಹೋಗಿ. ಅಲ್ಲೇ ರೆಸಿಡ್ಯೂ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಏನು ಉಳಿಯುತ್ತದೆ ಎನ್ನುವ ಬದಲು ಏನು ಹೋಗುತ್ತಿದೆ ಅಂತ ಕೇಳಿಸುತ್ತದೆ. ಅಲ್ಲಿ ಬರೀ ಗಲಾಟೆ ಕೇಳಬೇಕು. ಮಾತು ಕೇಳಿಸಿದರೆ ಕಡಿತ ಜಾಸ್ತಿಯಾಯಿತು. ಇದನ್ನು ಕೇಳುವಾಗ ಹೆಡ್‌ಫೋನ್ ವಾಲ್ಯೂಮ್ ಏರಿಸಿರುತ್ತೀರಿ. ವಾಪಸ್ ಇಳಿಸದೆ ಮಾಮೂಲಿ ಪ್ಲೇ ಒತ್ತಬೇಡಿ, ಕಿವಿಗೆ ಪೆಟ್ಟು.

ರೆಸಿಡ್ಯೂನಲ್ಲಿ ಮೊದಲು ಸಿಕ್ಕಿಬೀಳುವುದು ಸ, ಶ, ಷ, ಹ. ಈ ಧ್ವನಿಗಳು ಗಾಳಿಯ ಸುಯ್‌ನಂತೆಯೇ ಇರುತ್ತವೆ, ಹಾಗಾಗಿ ಪ್ರೋಗ್ರಾಂ ನಾಯ್ಸ್ ಅಂತಲೇ ತಿಳಿಯುತ್ತದೆ. "ಹಾಲು" ಹೋಗಿ "ಆಲು" ಆದರೆ ಸೆನ್ಸಿಟಿವಿಟಿ ಇಳಿಸಿ. (ಮಾತಾಡಿದವರು ಮಂಡ್ಯ ಕಡೆಯವರಾದರೆ ಮೂಲ ರೆಕಾರ್ಡಿಂಗನ್ನೂ ಒಮ್ಮೆ ಕೇಳಿ. ಅವರು "ಆಲು" ಅಂತಲೇ ಹೇಳಿರಬಹುದು!)

ಈ ವಿಧಾನ ಒಂದೇ ಸಮ ಇರುವ ಗಲಾಟೆಗೆ ಮಾತ್ರ. ಹಾರ್ನ್, ಕುಕ್ಕರ್ ವಿಷಲ್, ಪಕ್ಕದ ಮನೆಯ ಮಿಕ್ಸಿಗೆ ನಡೆಯುವುದಿಲ್ಲ. ಅದಕ್ಕೆ 2017ರಿಂದ ಈಚೆಗೆ ಬಂದ ಆರ್‌ಎನ್‌ನಾಯ್ಸ್‌ನಂಥ ನ್ಯೂರಲ್ ನೆಟ್‌ವರ್ಕ್ ಟೂಲ್ ಪ್ರಯತ್ನಿಸಿ. ದನಿಯೇ ಒಡೆದಿದ್ದರೆ, ಅಂದರೆ ತರಂಗದ ತುದಿಗಳು ಚಪ್ಪಟೆಯಾಗಿ ಕಂಡರೆ, ಅದು ನಾಯ್ಸ್ ಅಲ್ಲ, ಕ್ಲಿಪ್ಪಿಂಗ್. ರೆಕಾರ್ಡಿಂಗ್ ಲೆವೆಲ್ ಇಳಿಸಿ ಮತ್ತೆ ಮಾಡುವುದೇ ಸರಿ.

ಗುಂಯ್ ಅಂತ ಒಂದೇ ಸಮ ಸದ್ದು

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಸದ್ದು ಹೋದರೆ ಚಾರ್ಜರ್ ಅಥವಾ ಮನೆಯ ಅರ್ತಿಂಗ್ ಕಾರಣ. ಹೋಗದಿದ್ದರೆ ಮೈಕ್ ಕೇಬಲ್ ಬದಲಿಸಿ, ಕರೆಂಟ್ ವೈರ್‌ಗಳಿಂದ ದೂರ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಸದ್ದು 50, 100, 150ರಲ್ಲಿ ಕೂರುತ್ತದೆ. ಆರಿಸಿದ ಆವರ್ತನವನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರ್ ಅದನ್ನು ಚೊಕ್ಕವಾಗಿ ತೆಗೆಯುತ್ತದೆ. 60 ಹರ್ಟ್ಸ್ ಅಂತ ಹೇಳುವ ಅಮೆರಿಕದ ಪಾಠಗಳನ್ನು ನೋಡಿ ಫಿಲ್ಟರ್ ಇಟ್ಟರೆ ಏನೂ ಆಗುವುದಿಲ್ಲ.

ಸದ್ದು ಹೋಗಲಿ ಅಂತ ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಮಾತ್ರ ಕತ್ತರಿಸಬೇಡಿ. ಜೀವಕ್ಕೆ ಅಪಾಯ. ಲ್ಯಾಪ್‌ಟಾಪ್ ಅಥವಾ ಮೈಕ್‌ನ ಲೋಹ ಮುಟ್ಟಿದರೆ ಜುಂ ಅಂದರೆ ಕೆಲಸ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಎಲ್ಲ ಸರಿ, ಆದರೆ ಸಂದೇಶ ಅಡಗಿದೆ ಅಂತ ಯಾರು ಬೇಕಾದರೂ ಹಿಡಿಯುತ್ತಾರೆ

ಸಿಕ್ಕಾಪಟ್ಟೆ ಸ್ವಚ್ಛ ಮಾಡಿದ್ದರ ಫಲ ಇದು. ಸಣ್ಣ ಸದ್ದನ್ನೆಲ್ಲ ಮುಚ್ಚಿಬಿಡುವ ನಾಯ್ಸ್ ಗೇಟ್ ಹಾಕಿದರೆ ಮಾತಿನ ನಡುವಿನ ಮೌನ ಪೂರ್ತಿ ಸೊನ್ನೆಯಾಗುತ್ತದೆ. ಆ ಸೊನ್ನೆಗಳ ಸಾಲಿನಲ್ಲಿ ಸಂದೇಶ ತುಂಬಿದರೆ 0, 1, 1, 0 ಅಂತ ಎದ್ದು ಕಾಣುತ್ತದೆ. ಕೋಣೆಯ ಸಣ್ಣ ಸದ್ದು ಸ್ವಲ್ಪ ಉಳಿಯಲಿ. ಮೌನದ ಜಾಗ ಬಿಟ್ಟು ಮಾತಿರುವ ಕಡೆ ಅಡಗಿಸಿ.

ಅಷ್ಟಾದರೂ ಲೆಕ್ಕದಿಂದ ಹಿಡಿಯಬಹುದು. ಕೊನೆಯ ಬಿಟ್ ತೆಗೆದು ಸಂದೇಶದ ಬಿಟ್ ಇಟ್ಟರೆ 100 ಮತ್ತು 101, 102 ಮತ್ತು 103, ಹೀಗೆ ಜೋಡಿ ಬೆಲೆಗಳ ಎಣಿಕೆ ಸಮವಾಗುತ್ತಾ ಹೋಗುತ್ತದೆ. ವೆಸ್ಟ್‌ಫೆಲ್ಡ್ ಮತ್ತು ಫಿಟ್ಸ್‌ಮನ್ 1999ರಲ್ಲಿ ತೋರಿಸಿದ ಕೈ-ಸ್ಕ್ವೇರ್ ಪರೀಕ್ಷೆ ಇದನ್ನೇ ನೋಡುವುದು. ಬಿಟ್ ಬದಲಿಸುವ ಬದಲು, ಬೇಕಾದಾಗ ಬೆಲೆಗೆ 1 ಕೂಡಿ ಅಥವಾ ಕಳೆಯಿರಿ, ಯಾವುದು ಅಂತ ಚೀಟಿ ಎತ್ತಿದ ಹಾಗೆ ನಿರ್ಧರಿಸಿ. ಆ ಪರೀಕ್ಷೆ ಇದಕ್ಕೆ ಬಗ್ಗುವುದಿಲ್ಲ. ಬೇರೆ ಪರೀಕ್ಷೆಗಳಿವೆ, ಆದ್ದರಿಂದ ನಿಜವಾಗಿ ಗುಟ್ಟಾಗಿರಬೇಕಾದ್ದನ್ನು ಎನ್‌ಕ್ರಿಪ್ಟ್ ಮಾಡಿಯೇ ಅಡಗಿಸಿ.

ಯಾರೋ ಕಳಿಸಿದ ಆಡಿಯೋದಲ್ಲಿ ಏನೋ ಅಡಗಿದೆ ಅನ್ನಿಸುತ್ತಿದೆ

ಬರೀ ಪ್ಲೇ ಮಾಡಿದ್ದಕ್ಕೆ ಕೊನೆಯ ಬಿಟ್‌ಗಳು ತಾವಾಗಿ ಏನೂ ಮಾಡುವುದಿಲ್ಲ. ಅದನ್ನು ಓದುವ ಇನ್ನೊಂದು ಪ್ರೋಗ್ರಾಂ ಕಂಪ್ಯೂಟರ್‌ನಲ್ಲಿ ಇರಬೇಕು. ಆದರೆ ವೇವ್ ಫೈಲ್‌ನಲ್ಲಿ ಮಾಲ್‌ವೇರ್ ಅಡಗಿಸಿದ್ದನ್ನು 2019ರಲ್ಲಿ ಭದ್ರತಾ ಸಂಶೋಧಕರು ನಿಜವಾಗಿಯೇ ಕಂಡಿದ್ದಾರೆ. ಹಾಗಾಗಿ ಜೊತೆಗೆ "ಈ ಪ್ಲೇಯರ್ ಹಾಕಿಕೊಂಡು ಕೇಳಿ" ಅಂತ ಬಂದ ಸಾಫ್ಟ್‌ವೇರ್ ಹಾಕಬೇಡಿ. ಹೊರತೆಗೆದ ಫೈಲ್ ಪಠ್ಯವಲ್ಲದಿದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಆಫೀಸಿನ ಕಂಪ್ಯೂಟರ್ ಆದರೆ ನೀವೇ ಪರೀಕ್ಷೆಗೆ ಇಳಿಯದೆ ಐಟಿ ವಿಭಾಗಕ್ಕೆ ತಿಳಿಸಿ. ಈಗಾಗಲೇ ರನ್ ಮಾಡಿಯಾಗಿದ್ದರೆ ನೆಟ್ ಕಿತ್ತುಹಾಕಿ, ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬಂದ ಆಡಿಯೋ ಫೈಲನ್ನು ಅಳಿಸಬೇಡಿ, ದೂರು ಕೊಡುವಾಗ ಬೇಕಾಗುತ್ತದೆ.